ಪದಬಂಧದಲ್ಲಿ ವಸ್ತುವಿನ ನಿರ್ವಹಣೆ

ಪದಬಂಧವನ್ನು ಸಾಹಿತ್ಯದ ಮಾತಿನ ನಡುವೆ ತಂದರೆ ಕೆಲವರಾದರೂ ನಕ್ಕಾರು. ಪತ್ರಿಕೆಯ ಮೂಲೆಯಲ್ಲಿದ್ದುಕೊಂಡು ಬಿಡುವಿನ ಹೊತ್ತನ್ನು ಕಳೆಯಿಸುವ ಆಟಕ್ಕೆ ವಿಮರ್ಶೆ ಏತಕ್ಕೆಂದು ಕೇಳಿಯಾರು. ಆದರೆ ಒಬ್ಬ ಲೇಖಕನನ್ನೋ ಒಂದು ಕೃತಿಯನ್ನೋ ವಸ್ತುವಾಗಿ ಇರಿಸಿಕೊಂಡು ಪದಬಂಧ ಹೆಣೆಯಹೊರಟಾಗ ಮಾತು ಬೇರೆಯಾಗುತ್ತದೆ. ಯಾವ ಪದವನ್ನು ಆರಿಸಿದೆವು, ಅದಕ್ಕೆ ಎಂಥ ಸುಳಿವು ಕೊಟ್ಟೆವು ಎಂಬುದರಲ್ಲಿಯೇ, ಆ ಲೇಖಕನನ್ನು ನಾವೆಷ್ಟು ಓದಿದ್ದೇವೆಂಬುದು ಬಯಲಾಗುತ್ತದೆ.

ನಾನಿರುವ ಕೋಟ, ಶಿವರಾಮ ಕಾರಂತರು 1902ರಲ್ಲಿ ಹುಟ್ಟಿದ ಊರು. ಅಕ್ಟೋಬರ್ 10ರ ಅವರ ಹುಟ್ಟುಹಬ್ಬ ಸಮೀಪಿಸಿತೆಂದರೆ ನಮ್ಮ ಕಡೆಯ ಒಬ್ಬಿಬ್ಬರು ಕಿರಿಯ ಅಧ್ಯಾಪಕರು ಕಾರಂತರನ್ನು ಕುರಿತ ಪದಬಂಧಗಳನ್ನು ಮಕ್ಕಳಿಗಾಗಿ ರಚಿಸಿ, ನೋಡಿಕೊಡಿರೆಂದು ನನ್ನಲ್ಲಿಗೆ ತರುವುದುಂಟು. ಅವುಗಳನ್ನು ತಿದ್ದುತ್ತ ನನಗೆ ಹೊಳೆದ ಕೆಲವು ಸಂಗತಿಗಳನ್ನು ಇಲ್ಲಿ ಹೇಳಬಯಸುತ್ತೇನೆ.

ಇಂದಿನ ರೂಪದ ಪದಬಂಧಕ್ಕೆ ವಯಸ್ಸು ಹೆಚ್ಚಲ್ಲ. 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ಎಂಬಾತ ಪ್ರಕಟಿಸಿದ ವಜ್ರಾಕೃತಿಯ ಬಂಧದಿಂದ ಅದರ ಚರಿತ್ರೆಯನ್ನು ಎಣಿಸುತ್ತಾರೆ. ಆದರೆ ಅಕ್ಷರಗಳನ್ನು ಮನೆಮನೆಯಾಗಿ ಕೂರಿಸುವ ವಿದ್ಯೆ ನಮಗೆ ಹೊಸದಲ್ಲ. ಮುರಜಬಂಧ, ಚಕ್ರಬಂಧ, ಸರ್ವತೋಭದ್ರಗಳೆಂಬ ಚಿತ್ರಕವಿತ್ವದ ಬಗೆಗಳನ್ನು ನಮ್ಮ ಪೂರ್ವಿಕರು ಬಲ್ಲರು. ಕುಮುದೇಂದುವಿನ ‘ಸಿರಿಭೂವಲಯ’ದಲ್ಲಿ ಅಡ್ಡಕ್ಕೆ 27, ಉದ್ದಕ್ಕೆ 27 ಮನೆಗಳುಳ್ಳ ಅಂಕಚಕ್ರಗಳೇ ಇವೆ. ಇಂತಹ ಚಿತ್ರಕಾವ್ಯವನ್ನು ಮಮ್ಮಟನು ಕಾವ್ಯದ ಕೊನೆಯ ದರ್ಜೆಯಲ್ಲಿ ಇರಿಸಿದ. ಚಮತ್ಕಾರವಿದ್ದೂ ಒಳಗೆ ಧ್ವನಿಯಿಲ್ಲವೆಂಬುದೇ ಅವನ ಆಕ್ಷೇಪ. ವಸ್ತುವನ್ನುಳ್ಳ ಪದಬಂಧಕ್ಕೂ ಇದೇ ಒರೆಗಲ್ಲು ಸಾಕು.

ಮೊದಲು ಕನ್ನಡ ಪದಬಂಧದ ಒಂದು ವಿಶೇಷವನ್ನು ಗಮನಿಸಬೇಕು. ಇಂಗ್ಲಿಷಿನಲ್ಲಿ ಒಂದು ಮನೆಗೆ ಒಂದು ಲಿಪಿ. ಇರುವ ಲಿಪಿಗಳೇ 26. ನಮ್ಮಲ್ಲಿ ಸ್ವರ, ಒತ್ತು, ಸೊನ್ನೆಗಳು ಕೂಡಿದ ಇಡೀ ಅಕ್ಷರಕ್ಕೆ ಒಂದು ಮನೆ. ‘ಮೂಕಜ್ಜಿ’ಗೆ ಮೂರೇ ಮನೆ: ಮೂ, ಕ, ಜ್ಜಿ. 34 ವ್ಯಂಜನಗಳಿಗೆ 12 ಸ್ವರಗಳನ್ನು ಸೇರಿಸಿದರೇ 408 ಗುಣಿತಾಕ್ಷರಗಳಾದುವು. ಒತ್ತಕ್ಷರಗಳ ಲೆಕ್ಕ ಬೇರೆ. ಅಡ್ಡಪದವೂ ಉದ್ದಪದವೂ ಸಂಧಿಸುವ ಮನೆಯಲ್ಲಿ ಅಕ್ಷರ ಕಾಗುಣಿತ ಸಹಿತವಾಗಿ ಒಂದೇ ಆಗಿರಬೇಕಾದುದರಿಂದ, ನಮ್ಮ ಬಂಧಗಳಲ್ಲಿ ಸಂಧಿಗಳು ಕಡಮೆ, ಕಪ್ಪುಮನೆಗಳು ಹೆಚ್ಚು. ಈ ಇಕ್ಕಟ್ಟಿನಿಂದ ಪಾರಾಗಲು ರಚಕರು ‘ಇಭ’, ‘ಅಹಿ’ ಮೊದಲಾದ ನಿಘಂಟಿನ ಪದಗಳನ್ನು ತಂದು ತುಂಬುತ್ತಾರೆ. ಒಂದೆರಡಿದ್ದರೆ ಕ್ಷಮ್ಯ. ಅವೇ ತುಂಬಿಕೊಂಡರೆ ವಸ್ತು ಹೂತುಹೋಯಿತೆಂದೇ ಅರ್ಥ.

ಇನ್ನು ವಸ್ತುವಿನ ಆಯ್ಕೆ. ಕಾರಂತರು ನಲವತ್ತಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದವರು. ಅವುಗಳ ಹೆಸರುಗಳನ್ನು ಸಿಕ್ಕಸಿಕ್ಕಲ್ಲಿ ತುರುಕಿದರೆ ಅದು ಪಟ್ಟಿಯಾದೀತು, ವಸ್ತುವಾಗಲಾರದು. ನನ್ನ ಮುಂದೆ ಬಂದ ಬಂಧಗಳಲ್ಲಿ ಹೆಚ್ಚಿನವು ಇಂಥವೇ. ಆರಿಸಿದ ಪದಗಳನ್ನು ಒಂದು ವಿಚಾರ ಹಿಡಿದು ನಿಲ್ಲಿಸಬೇಕು. ಒಂದು ಉದಾಹರಣೆ ಕೊಡುತ್ತೇನೆ. 1943ರ ‘ಬೆಟ್ಟದ ಜೀವ’ಕ್ಕೂ 1960ರ ‘ಅಳಿದ ಮೇಲೆ’ಗೂ ಐದೈದೇ ಮನೆಗಳು. ಎರಡರಲ್ಲಿಯೂ ನಟ್ಟನಡುವಿನ ಅಕ್ಷರ ‘ದ’. ಚೌಕಟ್ಟಿನ ನಡುಮನೆಯಲ್ಲಿ ಇವೆರಡನ್ನೂ ಶಿಲುಬೆಯಂತೆ ಹೊಂದಿಸಬಹುದು. ಹಾಳೆಯನ್ನು ತಲೆಕೆಳಗು ಮಾಡಿ ಹಿಡಿದರೂ ವಿನ್ಯಾಸ ಕೆಡದು. ಇಷ್ಟೇ ಆದರೆ ಅದು ಬರಿಯ ಆಕಸ್ಮಿಕ. ಆದರೆ ಕಾಡಿನ ನಡುವೆ ತೋಟ ಎಬ್ಬಿಸಿದ ಗೋಪಾಲಯ್ಯನ ಬಾಳನ್ನು ನಮಗೆ ಹೇಳುವವನು ದಾರಿತಪ್ಪಿ ಬಂದ ಒಬ್ಬ ಅತಿಥಿ; ಯಶವಂತರಾಯನ ಬಾಳನ್ನು ಅವನು ತೀರಿದ ಬಳಿಕ ಹುಡುಕಿಕೊಂಡು ಹೋಗುವವನೂ ಒಬ್ಬ ಪರಿಚಿತ. ಒಬ್ಬನ ಬದುಕನ್ನು ಇನ್ನೊಬ್ಬ ಹೇಗೆ ಅರಿಯಬಲ್ಲ ಎಂಬ ಒಂದೇ ಪ್ರಶ್ನೆ ಎರಡು ಕೃತಿಗಳಲ್ಲಿಯೂ ಇದೆ. ಆ ಪ್ರಶ್ನೆಯನ್ನು ನಡುವಿಗಿಟ್ಟು ಉಳಿದ ಪದಗಳನ್ನು ಆರಿಸಿದರೆ, ಬಂಧಕ್ಕೆ ವಸ್ತು ದೊರೆಯಿತು.

ಮೂರನೆಯದು ಸುಳಿವು. ‘ದುಡಿ’ ಎಂಬ ಎರಡಕ್ಷರಕ್ಕೆ ‘ಚೋಮನ ವಾದ್ಯ’ ಎಂದು ಸುಳಿವು ಕೊಟ್ಟಿದ್ದರು. ತಪ್ಪೇನೂ ಇಲ್ಲ. ಆದರೆ 1933ರ ಆ ಕಾದಂಬರಿಯ ಹೆಸರು ಕೇಳಿದ ಯಾವನೂ, ಪುಟ ತೆರೆಯದೆಯೇ ಅದನ್ನು ತುಂಬಿಯಾನು. ನಾನು ಸೂಚಿಸಿದ ಸುಳಿವು ಹೀಗಿತ್ತು: ‘ಬಡಿದರೆ ನುಡಿದೀತು, ಆಜ್ಞೆಯಾದರೆ ಬೆವರು ಹರಿದೀತು; ಚೋಮ ಎರಡನ್ನೂ ಬಲ್ಲ.’ ದುಡಿ ಎಂಬುದು ಚರ್ಮವಾದ್ಯವೂ ಹೌದು, ‘ಶ್ರಮಿಸು’ ಎಂಬ ವಿಧಿಯೂ ಹೌದು. ತನ್ನದೆನ್ನುವ ತುಂಡು ನೆಲವನ್ನು ಉಳಬೇಕೆಂದು ಹಂಬಲಿಸಿ, ಹುಟ್ಟಿದ ಜಾತಿಯ ಕಾರಣದಿಂದಲೇ ಅದನ್ನು ಪಡೆಯಲಾರದೆ, ಕಡೆಗೆ ಆ ವಾದ್ಯವೊಂದರ ಜೊತೆ ಉಳಿದವನ ಕಥೆ ಅದು. ಸುಳಿವು ಬಿಡಿಸಿದವನಿಗೆ ಶೀರ್ಷಿಕೆಯ ಈ ಎರಡು ದನಿಗಳೂ ಕೇಳಿಸಿದರೆ, ಪದಬಂಧ ವಿಮರ್ಶೆಯ ಕೆಲಸವನ್ನೇ ಮಾಡಿತು. ವ್ಯಾಕರಣವೂ ಇಲ್ಲಿ ಸಡಿಲವಾಗಬಾರದು. ಉತ್ತರ ‘ಮಣ್ಣಿಗೆ’ ಎಂದು ಚತುರ್ಥಿಯಲ್ಲಿದ್ದರೆ ಸುಳಿವೂ ಚತುರ್ಥಿಯನ್ನೇ ಕೇಳಬೇಕು. ಕ್ರಿಯಾಪದಕ್ಕೆ ನಾಮಪದದ ಸುಳಿವು ಸಲ್ಲದು.

ನಾಲ್ಕನೆಯದು ನ್ಯಾಯ. ಕಾರಂತರ ವಸ್ತುವೆಂದಮೇಲೆ ಕುಂದಾಪುರದ ಕಡೆಯ ನುಡಿಯನ್ನು ಬಿಡುವುದುಂಟೇ? ನಮ್ಮಲ್ಲಿ ದನಕರುಗಳಿಗೆ ‘ಗಂಟಿ’ ಎನ್ನುತ್ತೇವೆ. ರಾಯಚೂರಿನ ಓದುಗನಿಗೆ ಅದು ‘ಗಂಟೆ’ಯೋ ‘ಗಂಟು’ವೋ ಆಗಿ ಕಂಡೀತು. ಹಾಗೆಂದು ಪದವನ್ನು ಕೈಬಿಡಬೇಕಾಗಿಲ್ಲ. ‘ಗಂ’ ಮನೆಯಲ್ಲಿ ‘ಗಂಧ’ವನ್ನೂ ‘ಟಿ’ ಮನೆಯಲ್ಲಿ ‘ಕೋಟಿ’ಯನ್ನೂ ಹಾಯಿಸಿದರೆ, ಎಲ್ಲರೂ ಬಲ್ಲ ಆ ಎರಡು ಪದಗಳು ಬಾರದ ಪದವನ್ನು ಕೈಹಿಡಿದು ತೋರಿಸುತ್ತವೆ. ಅಪರಿಚಿತವಾದ ಎರಡು ಪದಗಳನ್ನು ಒಂದೇ ಮನೆಯಲ್ಲಿ ಸಂಧಿಸಿದರೆ ಮಾತ್ರ ಬಿಡಿಸುವವನಿಗೆ ದಾರಿಯಿಲ್ಲ. ಅಲ್ಲಿ ಅವನ ಬುದ್ಧಿಗೆ ಕೆಲಸವೂ ಇಲ್ಲ. ಈ ಒಂದು ದೋಷ ಕಂಡರೆ ನಾನು ಇಡೀ ಮೂಲೆಯನ್ನು ಅಳಿಸಿ ಹೊಸದಾಗಿ ಕಟ್ಟಿರೆನ್ನುತ್ತೇನೆ.

ಇಷ್ಟೆಲ್ಲ ಕಟ್ಟುನಿಟ್ಟು ಒಂದು ಆಟಕ್ಕೆ ಬೇಕೇ? ಬೇಕೆಂದೇ ನನ್ನ ಭಾವನೆ. ಗಂಟಿ ಮೇಯಿಸದ ಮಕ್ಕಳ ಬಾಯಿಂದ ‘ಗಂಟಿ’ ಎಂಬ ಮಾತು ನಮ್ಮೂರಿನಲ್ಲಿಯೇ ಜಾರಿಹೋಗುತ್ತಿದೆ. ಕಾರಂತರ ಹೆಸರು, ಅವರಿಗೆ ಬಂದ ಪ್ರಶಸ್ತಿ, ಕೃತಿಗಳ ಇಸವಿ ಬಾಯಿಪಾಠವಾಗಿರುವ ಹುಡುಗರು ಬೇಕಾದಷ್ಟು ಮಂದಿ ಸಿಗುತ್ತಾರೆ. ‘ಮರಳಿ ಮಣ್ಣಿಗೆ’ಯ ಪಾರೋತಿ, ಸರಸೋತಿಯರ ಪರಿಚಯವುಳ್ಳವರು ವಿರಳ. ಪಟ್ಟಿಯಂಥ ಪದಬಂಧ, ಓದದೆಯೇ ಬಲ್ಲೆವೆಂಬ ಭ್ರಮೆಯನ್ನು ಅವರಲ್ಲಿ ಇನ್ನಷ್ಟು ಬಲಪಡಿಸುತ್ತದೆ. ಒಳ್ಳೆಯ ಬಂಧದಲ್ಲಿ ಒಂದೆರಡು ಮನೆಗಳಾದರೂ ಪುಸ್ತಕ ತೆರೆದಲ್ಲದೆ ತುಂಬಬಾರದು. ಆದುದರಿಂದ ಯಾವ ಪದಬಂಧವನ್ನು ತಂದರೂ ನಾನು ಮೊದಲು ಕೇಳುವುದು ಒಂದನ್ನೇ: ಇದನ್ನು ಬಿಡಿಸಹೊರಟ ಹುಡುಗ, ಯಾವ ಸುಳಿವಿನ ಬಳಿ ನಿಂತು ಗ್ರಂಥಾಲಯಕ್ಕೆ ಹೋಗುತ್ತಾನೆ?