ಜರ್ಮನ್ ಕಲಿಯೋರು ಗಮನಿಸಿ: ಅಲ್ಲಿ ಅಕ್ಕಿ ‘ಇವನು’, ಸೋಪು ‘ಇವಳು’!

ನರ್ಸಿಂಗ್ ಮುಗಿಸಿ ಜರ್ಮನಿಗೆ ಹೋಗಬೇಕು ಅಂತ ಓಡಾಡ್ತಿರೋ ಮಕ್ಕಳು ಈಗ ಸಣ್ಣ ಊರುಗಳಲ್ಲೂ ಸಿಗ್ತಾರೆ. ಅಲ್ಲಿ ನರ್ಸ್ ಆಗಿ ಮಾನ್ಯತೆ ಪಡೆಯಲು ಸಾಮಾನ್ಯವಾಗಿ ಬಿ2 ಹಂತದ ಜರ್ಮನ್ ಬರಬೇಕು. ಕೋಚಿಂಗ್ ಫೀಸು, ಪರೀಕ್ಷಾ ಫೀಸು ಎರಡೂ ಕಡಿಮೆ ಇಲ್ಲ. ಹೀಗಿರುವಾಗ ನಮ್ಮವರು ಶುರುವಿನಲ್ಲೇ ತಡವರಿಸೋದು ಒಂದು ಪುಟ್ಟ ಪದದಲ್ಲಿ. ಅದೇ ನಮ್ಮ ‘ಈ’, ‘ಆ’.

ನಮ್ಮಲ್ಲಿ ಸುಲಭ, ಅಲ್ಲಿ ಯಾಕೆ ಕಷ್ಟ?

ಕನ್ನಡದ ‘ಈ’ ಯಾರ ಮುಂದೂ ಬದಲಾಗಲ್ಲ. ಈ ಹುಡುಗ, ಈ ಹುಡುಗಿ, ಈ ಅಕ್ಕಿ, ಈ ಅಕ್ಕಿಯನ್ನು, ಈ ಅಕ್ಕಿಗೆ. ವಸ್ತು ಹತ್ತಿರ ಇದೆ ಅಂತ ಹೇಳಿ ‘ಈ’ ಸುಮ್ಮನಾಗುತ್ತೆ. ಬದಲಾಗೋದೆಲ್ಲ ಮುಂದಿನ ಪದ.

ಜರ್ಮನ್‌ನಲ್ಲಿ ಉಲ್ಟಾ. ಅಲ್ಲಿ ಪ್ರತಿಯೊಂದು ನಾಮಪದಕ್ಕೂ ಲಿಂಗ ಇದೆ, ವಸ್ತುಗಳಿಗೂ ಇದೆ. ಅಕ್ಕಿ ಪುಲ್ಲಿಂಗ: ಡೀಜ಼ರ್ ರೈಸ್. ಸೋಪು ಸ್ತ್ರೀಲಿಂಗ: ಡೀಜ಼ೆ ಜ಼ೈಫೆ. ಬ್ರೆಡ್ ನಪುಂಸಕ: ಡೀಜ಼ೆಸ್ ಬ್ರೋಟ್. ಮೂರಕ್ಕೂ ನಾವು ಹೇಳೋದು ಬರೀ ‘ಈ’.

ಒಂದು ಉಪಾಯ

‘ಡೀಜ಼ರ್’ ಅಂದ್ರೆ ‘ಈ’ ಅಂತ ಬಾಯಿಪಾಠ ಮಾಡಿದ್ರೆ ದಾರಿ ತಪ್ಪುತ್ತೆ. ಅದನ್ನು ‘ಇವನು’ ಅಂತ ಇಟ್ಟುಕೊಳ್ಳಿ. ಇವನು, ಇವನನ್ನು, ಇವನಿಗೆ ಅನ್ನೋ ಬದಲಾವಣೆ ನಮಗೆ ಹುಟ್ಟಿನಿಂದಲೇ ಗೊತ್ತು. ಜರ್ಮನ್‌ನಲ್ಲೂ ಅದೇ ಥರ:

- ಇವನು – ಡೀಜ಼ರ್, ಇವನನ್ನು – ಡೀಜ಼ೆನ್, ಇವನಿಗೆ – ಡೀಜ಼ೆಮ್
- ಇವಳು, ಇವಳನ್ನು – ಎರಡಕ್ಕೂ ಡೀಜ಼ೆ, ಇವಳಿಗೆ – ಡೀಜ಼ರ್
- ಇದು, ಇದನ್ನು – ಎರಡಕ್ಕೂ ಡೀಜ಼ೆಸ್, ಇದಕ್ಕೆ – ಡೀಜ಼ೆಮ್

ಅಂಗಡಿಯಲ್ಲಿ ‘ನಾನು ಈ ಅಕ್ಕಿ ತಗೋತೀನಿ’ ಅನ್ನಬೇಕಾದ್ರೆ ‘ಇಶ್ ನೇಮೆ ಡೀಜ಼ೆನ್ ರೈಸ್’. ಇಲ್ಲಿ ‘ರೈಸ್’ ಹಾಗೇ ಇದೆ, ‘ಅನ್ನು’ ಪ್ರತ್ಯಯದ ಕೆಲಸ ಮಾಡಿದ್ದು ‘ಡೀಜ಼ೆನ್’.

ಯಾವ ಪದ ಯಾವ ಲಿಂಗ ಅನ್ನೋದಕ್ಕೆ ಎಲ್ಲ ಕಡೆ ತರ್ಕ ಸಿಗಲ್ಲ. ಜರ್ಮನ್‌ನಲ್ಲಿ ‘ಹುಡುಗಿ’ ಅನ್ನೋ ಪದ ನಪುಂಸಕ ಅಂದ್ರೆ ನಗು ಬರಬಹುದು. ಆದ್ರೆ ನಾವೂ ‘ಮಗು ಅಳ್ತಿದೆ’ ಅಂತೀವಲ್ಲ! ಅದಕ್ಕೇ ಹೊಸ ಪದ ಕಲಿಯುವಾಗ ಅದರ ಲಿಂಗವನ್ನೂ ಜೊತೆಗೇ ಬರೆದಿಟ್ಟುಕೊಳ್ಳಿ.

‘ಆ’ ಎಲ್ಲಿ ಹೋಯ್ತು?

ದೂರದ್ದನ್ನು ತೋರಿಸಲು ‘ಯೇನರ್’ ಅನ್ನೋ ಪದ ಇದೆ. ಆದ್ರೆ ಅದು ಹೆಚ್ಚಾಗಿ ಪುಸ್ತಕದ ಭಾಷೆ. ಮಾತಿನಲ್ಲಿ ಜನ ‘ಡಾಸ್ ಹೀರ್’ (ಇಲ್ಲಿರೋದು), ‘ಡಾಸ್ ಡಾ’ (ಅಲ್ಲಿರೋದು) ಅಂತ ಬೆರಳು ತೋರಿಸಿ ಮುಗಿಸ್ತಾರೆ. ಬೇಕರಿಯಲ್ಲಿ ವಸ್ತುವಿನ ಹೆಸರೇ ಗೊತ್ತಿಲ್ಲದಿದ್ರೂ ‘ಡಾಸ್ ಹೀರ್, ಬಿಟ್ಟೆ’ ಅಂದ್ರೆ ಸಾಕು, ವ್ಯಾಪಾರ ನಡೆಯುತ್ತೆ.

ಮನೆಯವರನ್ನು ಪರಿಚಯ ಮಾಡಿಸುವಾಗಲೂ ‘ಡಾಸ್’ ನಡೆಯುತ್ತೆ. ‘ಡಾಸ್ ಇಸ್ಟ್ ಮೈನ್ ಬ್ರೂಡರ್’ ಅಂದ್ರೆ ‘ಇವನು ನನ್ನ ಅಣ್ಣ ಅಥವಾ ತಮ್ಮ’. ನಮ್ಮ ಕಿವಿಗೆ ‘ಇದು ನನ್ನ ತಮ್ಮ’ ಅಂದ ಹಾಗೆ ಕೇಳಿಸಬಹುದು, ಅಲ್ಲಿ ಅದು ಅಗೌರವ ಅಲ್ಲ. ಆದ್ರೆ ಎದುರಿಗಿರೋ ಹೆಂಗಸನ್ನು ತೋರಿಸಿ ‘ಡೀ ಡಾ’ ಅಂದ್ರೆ ‘ಅವಳು’ ಅಂದಷ್ಟು ಒರಟು. ರೋಗಿಗಳ ಮುಂದೆ ಇದು ನೆನಪಿರಲಿ.

ಆಸ್ಪತ್ರೆಯಲ್ಲಿ ಯಾಕೆ ಮುಖ್ಯ?

‘ಈ ಮಾತ್ರೆ ಈ ರೋಗಿಗೆ ಕೊಡಿ’ ಅಂತ ಹಿರಿಯ ನರ್ಸ್ ಹೇಳ್ತಾರೆ ಅಂದುಕೊಳ್ಳಿ. ಗಂಡಸಾದ್ರೆ ‘ಡೀಜ಼ೆಮ್ ಪಾಟ್ಸಿಯೆಂಟೆನ್’, ಹೆಂಗಸಾದ್ರೆ ‘ಡೀಜ಼ರ್ ಪಾಟ್ಸಿಯೆಂಟಿನ್’. ಅವಸರದಲ್ಲಿ ಕೇಳಿದ್ರೆ ‘ಪಾಟ್ಸಿಯೆಂಟೆನ್’, ‘ಪಾಟ್ಸಿಯೆಂಟಿನ್’ ಎರಡೂ ಒಂದೇ ಥರ. ಯಾರಿಗೆ ಅನ್ನೋದನ್ನು ಬಿಡಿಸಿ ಹೇಳೋದು ಮುಂಚೆ ಬಂದ ‘ಡೀಜ಼ೆಮ್’ ಅಥವಾ ‘ಡೀಜ಼ರ್’. ಇಲ್ಲಿ ತಪ್ಪಿದ್ರೆ ಹೋಗೋದು ಬರೀ ಮಾರ್ಕ್ಸ್ ಅಲ್ಲ. ಅನುಮಾನ ಬಂದ್ರೆ ಹೆಸರು ಕೇಳಿ ಖಚಿತ ಮಾಡಿಕೊಳ್ಳಬೇಕು.

ಅಭ್ಯಾಸಕ್ಕೆ ದೊಡ್ಡ ಪುಸ್ತಕವೇ ಬೇಕಿಲ್ಲ. ಅಂಗಡಿ ಮನೆಯವರಾದ್ರೆ ಅಕ್ಕಿ, ಸೋಪು, ಬ್ರೆಡ್ ಕೈಗೆ ಬಂದಾಗೆಲ್ಲ ಇವನು, ಇವಳು, ಇದು ಅಂತ ಜರ್ಮನ್‌ನಲ್ಲಿ ಗಟ್ಟಿಯಾಗಿ ಹೇಳಿ ನೋಡಿ. ದಿನಕ್ಕೆ ಹತ್ತು ಸಾಮಾನು ಸಾಕು.