ಮುರಕಲ್ಲು ಪದವುಗಳ ಹೂವಿನ ಹುಲ್ಲುಗಾವಲು

ಮುರಕಲ್ಲು ಪದವುಗಳ ಹೂವಿನ ಹುಲ್ಲುಗಾವಲು ಎಂಬುದು ಕರಾವಳಿ ಕರ್ನಾಟಕ ಹಾಗೂ ಉತ್ತರ ಕೇರಳದ ಸಮತಟ್ಟಾದ ಮುರಕಲ್ಲು ಗುಡ್ಡಗಳ ಮೇಲೆ ಮಳೆಗಾಲದಲ್ಲಿ ಹುಲ್ಲಿನೊಡನೆ ಏಕವಾರ್ಷಿಕ ಕಾಡುಹೂಗಳು ಬೆಳೆಯುವ ಸಸ್ಯಸಮುದಾಯ. ವಿಟ್ಲ, ಬೆಳ್ತಂಗಡಿ, ಮೂಡುಬಿದಿರೆ ಪರಿಸರದ ತುಳು ಮಾತಿನಲ್ಲಿ ಇಂಥ ಎತ್ತರದ ಬಯಲಿಗೆ 'ಪದವು' ಎಂದು ಹೆಸರು.

ಸ್ವರೂಪ

ಮುರಕಲ್ಲಿನ ಮೇಲಿನ ಮಣ್ಣಿನ ಪದರ ಬಹಳ ತೆಳು. ಅದರಲ್ಲಿ ಪೋಷಕಾಂಶಗಳು ಕಡಿಮೆ. ಮಳೆಗಾಲದಲ್ಲಿ ನೀರು ನಿಲ್ಲುವ ಈ ನೆಲ ಬೇಸಗೆಯಲ್ಲಿ ಸಂಪೂರ್ಣ ಒಣಗುತ್ತದೆ. ಆದ್ದರಿಂದ ಇಲ್ಲಿನ ಹೆಚ್ಚಿನ ಹೂಗಿಡಗಳು ಜೂನ್‌ನಲ್ಲಿ ಮೊಳೆತು, ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಅರಳಿ, ಮಳೆ ಹಿಂದೆ ಸರಿದಂತೆ ಬೀಜ ಉದುರಿಸಿ ಸಾಯುತ್ತವೆ. ಎರಿಯೋಕಾಲನ್, ಕರ್ಣಕುಂಡಲದ ಜಾತಿಯ ಗಿಡಗಳು ಮತ್ತು ತುಂಬೆ ಇವುಗಳಲ್ಲಿ ಸೇರಿವೆ. ಯುಟ್ರಿಕ್ಯುಲೇರಿಯ ಮತ್ತು ಡ್ರೊಸೆರಾ ಕುಲದ ಗಿಡಗಳು ಮಣ್ಣಿನ ಕೊರತೆಯನ್ನು ಸಣ್ಣ ಜೀವಿಗಳನ್ನು ಹಿಡಿದು ತುಂಬಿಕೊಳ್ಳುತ್ತವೆ.

ಬೀಜದಿಂದ ಬೆಳೆಸುವ ಕ್ರಮ

ಇಡೀ ದಿನ ಬಿಸಿಲು ಬೀಳುವ, ಗೊಬ್ಬರ ಕಾಣದ ನೆಲ ಸೂಕ್ತ. ಗೊಬ್ಬರ ಹಾಕಿದರೆ ಒರಟು ಹುಲ್ಲು ಮತ್ತು ಕಳೆ ಸೊಕ್ಕಿ ಹೂಗಿಡಗಳನ್ನು ಮುಚ್ಚುತ್ತವೆ. 'ಕಮ್ಯುನಿಸ್ಟ್ ಗಿಡ'ವನ್ನು ಅದು ಹೂ ಬಿಡುವ ಮೊದಲೇ ಬೇರುಸಹಿತ ಕೀಳಬೇಕು.

ಬೀಜವನ್ನು ಸಮೀಪದ ಪದವಿನಿಂದಲೇ ಅಕ್ಟೋಬರ್–ನವೆಂಬರ್‌ನಲ್ಲಿ, ಹಲವು ಗಿಡಗಳಿಂದ ಸ್ವಲ್ಪಸ್ವಲ್ಪವಾಗಿ, ಹೆಚ್ಚಿನ ಪಾಲು ಅಲ್ಲಿಯೇ ಉಳಿಯುವಂತೆ ಸಂಗ್ರಹಿಸಿ, ನೆರಳಿನಲ್ಲಿ ಒಣಗಿಸಿ ಬಟ್ಟೆಚೀಲದಲ್ಲಿಡಬೇಕು. ಕರ್ಣಕುಂಡಲದ ಕಾಯಿ ಮುಟ್ಟಿದೊಡನೆ ಸಿಡಿಯುವುದರಿಂದ ಅದಕ್ಕೆ ಮೊದಲೇ ತೆಳುಬಟ್ಟೆಯ ಚೀಲ ಕಟ್ಟಬೇಕಾಗುತ್ತದೆ. ಮೊದಲ ಮಳೆಗೆ ಹುಟ್ಟಿದ ಕಳೆಯನ್ನು ತೆಗೆದು, ಬೀಜವನ್ನು ಒಣಮರಳಿನೊಡನೆ ಬೆರೆಸಿ ಎರಚಿ ಮೆಲ್ಲಗೆ ತುಳಿಯಬೇಕು. ಬೀಜಗಳು ಅತಿ ಸಣ್ಣವಾದ್ದರಿಂದ ಮಣ್ಣು ಮುಚ್ಚಬಾರದು.

ನಿರ್ವಹಣೆ

ವರ್ಷಕ್ಕೊಮ್ಮೆ, ಬೀಜ ಉದುರಿದ ಮೇಲೆ ಹುಲ್ಲು ಕೊಯ್ಯಬೇಕು. ಕೊಯ್ದದ್ದನ್ನು ಎರಡು ಮೂರು ದಿನ ಅಲ್ಲಿಯೇ ಒಣಗಲು ಬಿಟ್ಟರೆ ಉಳಿದ ಬೀಜವೂ ಉದುರುತ್ತದೆ. ಅನಂತರ ಹುಲ್ಲನ್ನು ಹೊರಗೆ ಸಾಗಿಸುವುದು ಮುಖ್ಯ; ಅಲ್ಲಿಯೇ ಕೊಳೆತರೆ ನೆಲ ಫಲವತ್ತಾಗಿ ಹೂ ಕಡಿಮೆಯಾಗುತ್ತದೆ. ಕೀಟಗಳ ಆಶ್ರಯಕ್ಕಾಗಿ ಒಂದು ಭಾಗವನ್ನು ಸರದಿಯಂತೆ ಕೊಯ್ಯದೆ ಬಿಡಬಹುದು.

ದಕ್ಷಿಣ ಕನ್ನಡದಲ್ಲಿ ಮನೆಯ ಮಾಡಿಗೆ ಹೊದೆಸುವ ಮುಳಿಹುಲ್ಲಿಗಾಗಿ ನಡೆಯುತ್ತಿದ್ದ ವಾರ್ಷಿಕ ಕೊಯ್ಲು ಇದೇ ಕೆಲಸವನ್ನು ಮಾಡುತ್ತಿತ್ತು. ಕೃಷಿಕರು ಕುಮ್ಕಿ ಜಮೀನಿನಿಂದ ಹುಲ್ಲು, ಸೊಪ್ಪು ತರುತ್ತಿದ್ದರು. ದನಗಳೂ ಅಲ್ಲಿ ಮೇಯುತ್ತಿದ್ದವು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ತರುವಾಯ ಹಂಚಿನ ಮಾಡು ಹಬ್ಬಿ, ಮುಳಿಹುಲ್ಲಿನ ಬೇಡಿಕೆ ಕ್ರಮೇಣ ಕುಗ್ಗಿತು.

ಅಪಾಯಗಳು ಮತ್ತು ಮಿತಿ

ಮರವಿಲ್ಲದ ಕಾರಣ ಪದವುಗಳನ್ನು ಪಾಳು ಭೂಮಿಯೆಂದು ಎಣಿಸುವುದುಂಟು. ಅಕೇಶಿಯ ನೆಡುತೋಪು, ರಬ್ಬರ್ ತೋಟ, ಮುರಕಲ್ಲಿನ ಕೋರೆ ಮತ್ತು ನಿವೇಶನಗಳು ಅವುಗಳನ್ನು ಆಕ್ರಮಿಸುತ್ತಿವೆ. ನೆರಳು ಬಿದ್ದಲ್ಲಿ ಬಿಸಿಲು ಬೇಡುವ ಏಕವಾರ್ಷಿಕಗಳು ಉಳಿಯುವುದಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿಯೂ ಉಳುಮೆ ಹಾಗೂ ರಸಗೊಬ್ಬರಗಳಿಂದಾಗಿ 1930ರ ದಶಕದಿಂದ 1984ರೊಳಗೆ ತಗ್ಗುಪ್ರದೇಶದ ಸಹಜ ಹುಲ್ಲುಗಾವಲಿನ ಸುಮಾರು 97% ನಾಶವಾಯಿತು.

ಇದೇ ಬಗೆಯ ಮುರಕಲ್ಲು ಬಯಲಾದ ಮಹಾರಾಷ್ಟ್ರದ ಕಾಸ್ ಪ್ರಸ್ಥಭೂಮಿ 2012ರಲ್ಲಿ ಪಶ್ಚಿಮಘಟ್ಟಗಳ ಭಾಗವಾಗಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ತುಂಬೆ, ಕರ್ಣಕುಂಡಲಗಳನ್ನು ಬೀಜದಿಂದ ಮರಳಿ ತರಬಹುದು. ಆದರೆ ಕೋರೆಯಲ್ಲಿ ಕಡಿದು ತೆಗೆದ ಮುರಕಲ್ಲಿನ ಹಾಸನ್ನೂ ಅದರ ತಗ್ಗುಗಳಲ್ಲಿ ನಿಲ್ಲುತ್ತಿದ್ದ ನೀರನ್ನೂ ಬಿತ್ತನೆಯಿಂದ ಮರುಸೃಷ್ಟಿಸಲಾಗದು. ಆದ್ದರಿಂದ ಉಳಿದಿರುವ ಪದವುಗಳ ರಕ್ಷಣೆಯೇ ಹೊಸ ಬಿತ್ತನೆಗೂ ಬೀಜದ ಮೂಲ.