ಹೊಸ ಸೆನ್ಸರ್ ಹಾಕಿಸಿದರೂ ಆರದ ದೀಪ: ಟೈರಿನ ಗಾಳಿಯ ಎಚ್ಚರಿಕೆಯನ್ನು ಅರಿಯುವ ಬಗೆ

ಕಾರಿನ ಚಾಲಕರ ಮುಂದಿರುವ ಫಲಕದಲ್ಲಿ ಕುದುರೆಲಾಳದಂತಹ ಒಂದು ಆಕೃತಿ, ಅದರ ನಡುವೆ ಆಶ್ಚರ್ಯಸೂಚಕ ಚಿಹ್ನೆ. ಹಳದಿ ಬಣ್ಣದ ಈ ಪುಟ್ಟ ದೀಪವನ್ನು ನಮ್ಮ ಹೊಸೂರು, ಬಾಗಲೂರು, ತಳಿ, ಡೆಂಕಣಿಕೋಟೆ ಕಡೆಯ ಅನೇಕ ಪೋಷಕರು ಕಂಡಿರುತ್ತಾರೆ. ಟೈರಿನಲ್ಲಿ ಗಾಳಿ ಕಡಿಮೆಯಾಗಿದೆ ಎಂಬುದು ಅದರ ಸಾಮಾನ್ಯ ಅರ್ಥ. ಆದರೆ ಗಾಳಿ ತುಂಬಿಸಿದ ಮೇಲೂ, ಸಾವಿರಾರು ರೂಪಾಯಿ ತೆತ್ತು ಹೊಸ ಸೆನ್ಸರ್ ಹಾಕಿಸಿದ ಮೇಲೂ ಆ ದೀಪ ಆರದೇ ಉಳಿಯುವುದುಂಟು. ಆಗ ಸಾಮಾನ್ಯವಾಗಿ ನಡೆಯುವುದು ಎರಡರಲ್ಲಿ ಒಂದು. ಮತ್ತೊಂದು ಸೆನ್ಸರ್ ಕೊಳ್ಳುವುದು, ಇಲ್ಲವೇ "ಆ ದೀಪ ಸುಮ್ಮನೆ ಉರಿಯುತ್ತದೆ, ಬಿಡಿ" ಎಂದು ಅದನ್ನು ಗಣನೆಗೆ ತೆಗೆದುಕೊಳ್ಳದಿರುವುದು. ಮೊದಲನೆಯದರಿಂದ ಹಣ ಹೋಗುತ್ತದೆ. ಎರಡನೆಯದು ಅದಕ್ಕಿಂತಲೂ ಕೆಟ್ಟದ್ದು.

ಕೆಟ್ಟದ್ದು ಏಕೆಂದರೆ, ಗಾಳಿ ಕಡಿಮೆಯಾದ ಟೈರು ಸುಮ್ಮನೆ ಚಪ್ಪಟೆಯಾಗಿ ನಿಲ್ಲುವುದಿಲ್ಲ. ಓಡುವಾಗ ಅದರ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿಕೊಳ್ಳುತ್ತದೆ. ಆ ಮಡಚುವಿಕೆಯಿಂದ ಶಾಖ ಹುಟ್ಟುತ್ತದೆ, ಶಾಖದಿಂದ ರಬ್ಬರು ಮತ್ತು ಒಳಗಿನ ನೂಲಿನ ಪದರಗಳು ಒಂದನ್ನೊಂದು ಬಿಡುತ್ತವೆ. ಊರೊಳಗಿನ ನಿಧಾನ ಸಂಚಾರದಲ್ಲಿ ಇದು ಗೊತ್ತಾಗದೇ ಹೋಗಬಹುದು. ಶೂಲಗಿರಿ ದಾಟಿ ಕೃಷ್ಣಗಿರಿಯ ಕಡೆಗೆ 44ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ, ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು, ಮೇ ತಿಂಗಳ ಬಿಸಿಲಿನಲ್ಲಿ ಸಾಗುವಾಗ ಅದೇ ಟೈರು ಸಿಡಿಯಬಹುದು. ಇನ್ನೊಂದು ವಿಷಯವನ್ನೂ ಗಮನಿಸಬೇಕು. ಕೇಂದ್ರ ಸರ್ಕಾರವು 2020ರ ಜುಲೈಯಲ್ಲಿ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, ಟೈರಿನ ಒತ್ತಡ ತಿಳಿಸುವ ವ್ಯವಸ್ಥೆ ಮತ್ತು ಪಂಕ್ಚರ್ ದುರಸ್ತಿಯ ಕಿಟ್ ಇರುವ, ಟ್ಯೂಬ್‌ರಹಿತ ಟೈರಿನ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಅಂದರೆ, ಸ್ಟೆಪ್ನಿ ಇಲ್ಲದ ಕಾರಿನಲ್ಲಿ ಈ ಹಳದಿ ದೀಪವೇ ಸ್ಟೆಪ್ನಿಯ ಸ್ಥಾನವನ್ನು ಭಾಗಶಃ ತುಂಬಿದೆ. ಅದನ್ನು ಅಲಕ್ಷಿಸಿದವರ ಬಳಿ ಹೆದ್ದಾರಿಯಲ್ಲಿ ಬೇರೆ ಆಸರೆ ಹೆಚ್ಚೇನೂ ಇರುವುದಿಲ್ಲ.

ಪಠ್ಯಪುಸ್ತಕದಲ್ಲಿ ಇದನ್ನು ಸಂವೇದಕ ಎನ್ನುತ್ತೇವೆ. ವರ್ಕ್‌ಶಾಪಿನಲ್ಲಿ ಸೆನ್ಸರ್ ಎಂದರೆ ಮಾತ್ರ ಅರ್ಥವಾಗುತ್ತದೆ. ಆದುದರಿಂದ ಇಲ್ಲಿಯೂ ಆ ಮಾತನ್ನೇ ಬಳಸುತ್ತೇವೆ.

ಮೊದಲು ತಮ್ಮ ಕಾರಿನಲ್ಲಿ ಇರುವುದು ಯಾವ ಬಗೆಯ ವ್ಯವಸ್ಥೆ ಎಂಬುದನ್ನು ಪೋಷಕರು ತಿಳಿಯಬೇಕು. ಒಂದು ಬಗೆಯಲ್ಲಿ ಚಕ್ರದೊಳಗೆ ಸೆನ್ಸರ್ ಇರುವುದೇ ಇಲ್ಲ. ಬ್ರೇಕಿನ ಎಬಿಎಸ್ ವ್ಯವಸ್ಥೆಗಾಗಿ ಪ್ರತಿ ಚಕ್ರದ ಸುತ್ತುವ ವೇಗವನ್ನು ಅಳೆಯುತ್ತಾರಲ್ಲವೇ, ಅದೇ ಅಳತೆಯಿಂದ ಗಾಳಿಯನ್ನು ಊಹಿಸುವ ಕ್ರಮವಿದು. ಗಾಳಿ ಇಳಿದ ಚಕ್ರದ ತ್ರಿಜ್ಯ ತುಸು ಕಡಿಮೆಯಾಗುತ್ತದೆ, ಹಾಗಾಗಿ ಅದೇ ದೂರವನ್ನು ಕ್ರಮಿಸಲು ಅದು ಉಳಿದ ಚಕ್ರಗಳಿಗಿಂತ ಹೆಚ್ಚು ಸುತ್ತು ಸುತ್ತಬೇಕಾಗುತ್ತದೆ. ಎರಡನೆಯ ಬಗೆಯಲ್ಲಿ ಪ್ರತಿ ಚಕ್ರದೊಳಗೂ, ಗಾಳಿ ತುಂಬುವ ವಾಲ್ವಿನ ಬುಡದಲ್ಲಿ, ಒಂದೊಂದು ಸೆನ್ಸರ್ ಕುಳಿತಿರುತ್ತದೆ. ಗುರುತಿಸುವುದು ಸುಲಭ: ಪರದೆಯ ಮೇಲೆ ನಾಲ್ಕೂ ಚಕ್ರಗಳ ಒತ್ತಡವು ಅಂಕಿಯಲ್ಲಿ ಬೇರೆ ಬೇರೆಯಾಗಿ ಕಾಣಿಸುತ್ತಿದ್ದರೆ ಅದು ಎರಡನೆಯ ಬಗೆ. ಅಂಕಿಯಿಲ್ಲದೆ ಬರೀ ಎಚ್ಚರಿಕೆ ಮಾತ್ರ ಬರುತ್ತಿದ್ದರೆ ಮೊದಲನೆಯದಿರಬಹುದು, ಕಾರಿನ ಜೊತೆ ಬಂದ ಕೈಪಿಡಿಯಲ್ಲಿ ಖಚಿತಪಡಿಸಿಕೊಳ್ಳಬೇಕು. ಮೊದಲನೆಯ ಬಗೆಯ ಕಾರಿಗೆ ಯಾರಾದರೂ "ನಾಲ್ಕು ಸೆನ್ಸರ್ ಬದಲಿಸಬೇಕು" ಎಂದರೆ ಅಲ್ಲಿಂದ ಎದ್ದು ಬರುವುದೇ ಲೇಸು. ಆ ಕಾರಿನಲ್ಲಿ ನಾಲ್ಕೂ ಟೈರಿಗೆ ಸರಿಯಾದ ಗಾಳಿ ತುಂಬಿಸಿ, ಕೈಪಿಡಿ ಹೇಳಿದಂತೆ ರೀಸೆಟ್ ಗುಂಡಿಯನ್ನೋ ಪರದೆಯ ಆಯ್ಕೆಯನ್ನೋ ಒತ್ತಿ, ಸ್ವಲ್ಪ ದೂರ ಓಡಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಇನ್ನು ಮುಂದೆ ನಾವು ಹೇಳುವುದೆಲ್ಲ ಚಕ್ರದೊಳಗೆ ಸೆನ್ಸರ್ ಇರುವ ಕಾರುಗಳ ಬಗ್ಗೆ.

ಅಂತಹ ಕಾರಿನಲ್ಲಿಯೂ ಮೊದಲು ನೋಡಬೇಕಾದುದು ಗಾಳಿಯನ್ನು. ಬೆಳಗ್ಗೆ, ಕಾರು ಓಡುವ ಮುನ್ನ, ಟೈರು ತಣ್ಣಗಿರುವಾಗ, ನಂಬಿಕೆಯ ಗೇಜಿನಿಂದ ನಾಲ್ಕನ್ನೂ ಅಳೆಯಬೇಕು. ಎಷ್ಟಿರಬೇಕೆಂಬುದನ್ನು ಚಾಲಕರ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿದ ಚೀಟಿಯಲ್ಲಿ ಬರೆದಿರುತ್ತಾರೆ. ಟೈರಿನ ಮೈಮೇಲೆ ಬರೆದಿರುವುದು ಗರಿಷ್ಠ ಮಿತಿ, ಅದನ್ನು ತುಂಬಿಸಬಾರದು.

ತಣ್ಣಗಿರುವಾಗಲೇ ಅಳೆಯಬೇಕೇಕೆ ಎಂಬುದಕ್ಕೆ ನಮ್ಮ ಹತ್ತನೆಯ ತರಗತಿಯ ಮಕ್ಕಳೇ ಉತ್ತರ ಹೇಳಬಲ್ಲರು. ಅವರ ವಿಜ್ಞಾನ ಪುಸ್ತಕದಲ್ಲಿ ಅನಿಲ ನಿಯಮಗಳ ಪಾಠವಿದೆ. ಒಂದು ಲೆಕ್ಕ ಮಾಡೋಣ. ಕೃಷ್ಣಗಿರಿಯಲ್ಲಿ ಮಧ್ಯಾಹ್ನ ಟೈರಿನೊಳಗಿನ ಗಾಳಿ 35 ಡಿಗ್ರಿ ಇರುವಾಗ 32 ಪಿಎಸ್‌ಐ ತುಂಬಿಸಿದೆವೆಂದಿಟ್ಟುಕೊಳ್ಳಿ. ಗೇಜು ತೋರಿಸುವುದು ಹೊರಗಿನ ವಾಯುಮಂಡಲದ ಒತ್ತಡಕ್ಕಿಂತ ಎಷ್ಟು ಹೆಚ್ಚು ಎಂಬುದನ್ನು ಮಾತ್ರ. ಆದ್ದರಿಂದ ವಾಯುಮಂಡಲದ ಸುಮಾರು 13.8 ಪಿಎಸ್‌ಐ ಕೂಡಿಸಿದರೆ ಒಳಗಿನ ನಿಜವಾದ ಒತ್ತಡ 45.8. ಮರುದಿನ ಚಳಿಗಾಲದ ಮುಂಜಾನೆ ಹೊಸೂರಿನಲ್ಲಿ ಅದೇ ಗಾಳಿ 15 ಡಿಗ್ರಿಗೆ ಇಳಿದರೆ, 45.8ನ್ನು 288ರಿಂದ ಗುಣಿಸಿ 308ರಿಂದ ಭಾಗಿಸಬೇಕು, ಸುಮಾರು 42.8 ಬರುತ್ತದೆ. ಹೊಸೂರು ಎತ್ತರದಲ್ಲಿರುವುದರಿಂದ ಅಲ್ಲಿನ ವಾಯುಮಂಡಲದ ಒತ್ತಡ ಅರ್ಧ ಪಿಎಸ್‌ಐಯಷ್ಟು ಕಡಿಮೆ, ಅಂದರೆ ಸುಮಾರು 13.2. ಅದನ್ನು ಕಳೆದರೆ ಗೇಜು ತೋರಿಸುವುದು 29.6. ಒಂದು ತೊಟ್ಟು ಗಾಳಿಯೂ ಸೋರದೆ ಸುಮಾರು ಎರಡೂವರೆ ಪಿಎಸ್‌ಐ ಕಡಿಮೆಯಾಯಿತು. ಮೊದಲೇ ತುಸು ಕಡಿಮೆ ಗಾಳಿಯಿದ್ದ ಟೈರಾದರೆ, ಮುಂಜಾನೆ ದೀಪ ಹೊತ್ತಿಸಿ, ಹತ್ತು ಗಂಟೆಯ ಬಿಸಿಲಿಗೆ ತಾನೇ ಆರಿಸಿಬಿಡುತ್ತದೆ. ಜನ ಇದನ್ನು ಸೆನ್ಸರಿನ ಹುಚ್ಚಾಟ ಎನ್ನುತ್ತಾರೆ. ಸೆನ್ಸರ್ ಇಲ್ಲಿ ಸತ್ಯವನ್ನೇ ಹೇಳುತ್ತಿದೆ.

ದೀಪ ಉರಿಯುವ ರೀತಿಯಲ್ಲಿಯೂ ಒಂದು ಸುಳಿವಿದೆ. ಅಮೆರಿಕದಲ್ಲಿ ಫೈರ್‌ಸ್ಟೋನ್ ಟೈರುಗಳ ವೈಫಲ್ಯದಿಂದ ಅನೇಕರು ಸತ್ತ ಬಳಿಕ, 2000ದಲ್ಲಿ ಅಲ್ಲಿನ ಸಂಸತ್ತು ಒಂದು ಕಾನೂನು ಮಾಡಿತು. ಅದರಡಿ ಬಂದ ನಿಯಮದಂತೆ 2007ರ ಸೆಪ್ಟೆಂಬರಿನಿಂದ ಅಲ್ಲಿನ ಎಲ್ಲ ಹೊಸ ಕಾರುಗಳಲ್ಲಿ ಈ ದೀಪ ಇರಲೇಬೇಕು. ನಿಗದಿತ ಒತ್ತಡಕ್ಕಿಂತ ಶೇಕಡ 25ರಷ್ಟು ಕಡಿಮೆಯಾದಾಗ ಅದು ಹೊತ್ತಲೇಬೇಕು. ಗಾಳಿ ಕಡಿಮೆಯಾದರೆ ದೀಪ ಒಂದೇ ಸಮನೆ ಉರಿಯಬೇಕು. ವ್ಯವಸ್ಥೆಯೇ ಕೆಟ್ಟಿದ್ದರೆ ಅದು 60ರಿಂದ 90 ಸೆಕೆಂಡುಗಳ ಕಾಲ ಮಿಣುಕಿ ಆಮೇಲೆ ಸ್ಥಿರವಾಗಿ ನಿಲ್ಲಬೇಕು. ನಮ್ಮಲ್ಲಿ ಓಡುವ ಬಹಳಷ್ಟು ಕಾರುಗಳೂ ಇದೇ ರೂಢಿಯನ್ನು ಅನುಸರಿಸುತ್ತವೆ. ಕಾರು ಚಾಲೂ ಮಾಡಿದ ಮೊದಲ ಒಂದೂವರೆ ನಿಮಿಷ ದೀಪವನ್ನು ನೋಡುವ ಕೆಲಸವನ್ನು ಪಕ್ಕದಲ್ಲಿ ಕುಳಿತವರಿಗೆ ವಹಿಸಬಹುದು. ಮಿಣುಕಿದರೆ ಗಾಳಿಯ ಪಂಪಿನಿಂದ ಅದಕ್ಕೆ ಪರಿಹಾರ ದೊರೆಯದು.

ಈಗ ಹೊಸ ಸೆನ್ಸರಿನ ವಿಷಯ. ಅದರೊಳಗೆ ಒತ್ತಡ ಅಳೆಯುವ ಪುಟ್ಟ ಚಿಪ್, ಚಕ್ರ ತಿರುಗುತ್ತಿದೆಯೇ ಎಂದು ತಿಳಿಯುವ ಇನ್ನೊಂದು ಭಾಗ, ರೇಡಿಯೊ ಪ್ರೇಷಕ ಮತ್ತು ಒಂದು ಲಿಥಿಯಂ ಬ್ಯಾಟರಿ ಇರುತ್ತವೆ. ಎಲ್ಲವನ್ನೂ ರಾಳದಂತಹ ಪದಾರ್ಥದಲ್ಲಿ ಹುದುಗಿಸಿರುವುದರಿಂದ ಬ್ಯಾಟರಿಯನ್ನು ಮಾತ್ರ ಬದಲಿಸಲಾಗುವುದಿಲ್ಲ. ಅದರ ಆಯುಷ್ಯ 5ರಿಂದ 10 ವರ್ಷ. ನಾಲ್ಕೂ ಒಂದೇ ದಿನ ಹುಟ್ಟಿದವು; ಒಂದು ಸತ್ತರೆ ಉಳಿದವೂ ಬಹಳ ದೂರದಲ್ಲಿಲ್ಲ ಎಂದು ತಿಳಿಯಬೇಕು.

ಪ್ರತಿ ಸೆನ್ಸರಿಗೂ ಅದರದೇ ಆದ ಒಂದು ಗುರುತಿನ ಸಂಖ್ಯೆಯಿದೆ. ರೇಡಿಯೊ ಮೂಲಕ ಒತ್ತಡವನ್ನು ತಿಳಿಸುವಾಗಲೆಲ್ಲ ಅದು ಈ ಸಂಖ್ಯೆಯನ್ನೂ ಹೇಳುತ್ತದೆ. ಪಕ್ಕದ ಕಾರಿನ ಟೈರಿನ ಸುದ್ದಿಯನ್ನು ನಮ್ಮ ಕಾರು ತನ್ನದೆಂದು ಭಾವಿಸಬಾರದಲ್ಲವೇ, ಅದಕ್ಕಾಗಿ. ಕಾರಿನ ಕಂಪ್ಯೂಟರಿನ ನೆನಪಿನಲ್ಲಿ ನಾಲ್ಕು ಸಂಖ್ಯೆಗಳ ಹಾಜರಿಪಟ್ಟಿ ಇರುತ್ತದೆ. ತರಗತಿಗೆ ಹೊಸ ಮಗು ಬಂದು ಕುಳಿತರೂ ಹಾಜರಿ ಪುಸ್ತಕದಲ್ಲಿ ಹೆಸರು ಬರೆಯುವವರೆಗೆ ಕೂಗುವುದು ಹಳೆಯ ಮಗುವಿನ ಹೆಸರನ್ನೇ ತಾನೇ? ಹೊಸ ಸೆನ್ಸರ್ ಎಷ್ಟೇ ಚೆನ್ನಾಗಿ ಕೆಲಸ ಮಾಡುತ್ತಿದ್ದರೂ, ಅದರ ಸಂಖ್ಯೆ ಪಟ್ಟಿಗೆ ಸೇರುವ ತನಕ ಕಾರು ಸತ್ತ ಸೆನ್ಸರಿಗಾಗಿಯೇ ಕಾಯುತ್ತಿರುತ್ತದೆ. ಹೊಸದು ಹಾಕಿಸಿದರೂ ದೀಪ ಆರದಿರಲು ಬಹಳ ಸಲ ಇದೇ ಕಾರಣ.

ಪಟ್ಟಿಗೆ ಸೇರಿಸುವ ಕ್ರಮ ಕಾರಿನಿಂದ ಕಾರಿಗೆ ಬೇರೆ. ಕೆಲವು ಕಾರುಗಳು ಸ್ವಲ್ಪ ಹೊತ್ತು ಓಡಿಸಿದರೆ ತಾವೇ ಕಲಿತುಕೊಳ್ಳುತ್ತವೆ. ಕೆಲವಕ್ಕೆ ಕಾರನ್ನು ಕಲಿಕೆಯ ಸ್ಥಿತಿಗೆ ತಂದು, ಕೈಯಲ್ಲಿ ಹಿಡಿಯುವ ಉಪಕರಣದಿಂದ ಒಂದೊಂದು ಚಕ್ರದ ಸೆನ್ಸರನ್ನೂ ಕ್ರಮವಾಗಿ ಎಬ್ಬಿಸಬೇಕು. ಇನ್ನು ಕೆಲವಕ್ಕೆ ಸ್ಟೀರಿಂಗ್ ಕೆಳಗಿನ ಓಬಿಡಿ ಸಾಕೆಟ್ಟಿಗೆ ಸ್ಕ್ಯಾನರ್ ಜೋಡಿಸಿ ಸಂಖ್ಯೆಯನ್ನು ಬರೆಯಬೇಕು. ತಾನೇ ಕಲಿಯುವ ಕಾರಿನ ವಿಷಯದಲ್ಲಿ ತಾಳ್ಮೆ ಬೇಕು. ನಿಂತ ಕಾರಿನ ಸೆನ್ಸರ್ ಬ್ಯಾಟರಿ ಉಳಿಸಲು ನಿದ್ರಿಸುತ್ತದೆ. ಸಾಮಾನ್ಯವಾಗಿ ಗಂಟೆಗೆ 25-30 ಕಿಲೋಮೀಟರ್ ವೇಗ ಬಂದಾಗಲೇ ಅದು ಎದ್ದು ಮಾತನಾಡುವುದು. ಹೊಸೂರು ಬಸ್ ನಿಲ್ದಾಣದ ಸುತ್ತಲಿನ ದಟ್ಟಣೆಯಲ್ಲಿ ಅರ್ಧ ಗಂಟೆ ತೆವಳಿದರೆ ಪ್ರಯೋಜನವಿಲ್ಲ. ಬಿಡುವಾದ ರಸ್ತೆಯಲ್ಲಿ ಹತ್ತಿಪ್ಪತ್ತು ನಿಮಿಷ ತಡೆಯಿಲ್ಲದೆ ಓಡಿಸಬೇಕು.

ಹೀಗೆ ಓಡಿಸುವಾಗ ಹಳೆಯ ಸೆನ್ಸರುಗಳು ಕಾರಿನಲ್ಲಿ ಇರಬಾರದು. ಬಿಚ್ಚಿದ ಸೆನ್ಸರನ್ನಾಗಲಿ, ಸೆನ್ಸರ್ ಸಮೇತ ಹಳೆಯ ಚಕ್ರವನ್ನಾಗಲಿ ಡಿಕ್ಕಿಯಲ್ಲಿ ಹಾಕಿಕೊಂಡು ಹೊರಟರೆ, ಇನ್ನೂ ಜೀವವಿರುವ ಹಳೆಯದು ಅಲ್ಲಿಂದಲೇ ಸುದ್ದಿ ಕಳಿಸಿ ಕಾರನ್ನು ಗೊಂದಲಕ್ಕೀಡುಮಾಡಬಹುದು. ಚಕ್ರಗಳ ಸ್ಥಾನ ಬದಲಿಸಿದಾಗಲೂ ಕೆಲವು ಕಾರುಗಳಲ್ಲಿ ಮತ್ತೆ ಕಲಿಸಬೇಕಾಗುತ್ತದೆ. ಇಲ್ಲವಾದರೆ ಪರದೆಯು ಮುಂದಿನ ಎಡಚಕ್ರವನ್ನು ತೋರಿಸುತ್ತದೆ, ಗಾಳಿ ಇಳಿದಿರುವುದು ಹಿಂದಿನದರಲ್ಲಿ.

ಹಾಗಾದರೆ ಕೆಟ್ಟಿರುವುದು ಸೆನ್ಸರೋ, ಕಾರಿನ ಪಟ್ಟಿಯೋ? ಇದನ್ನು ಊಹೆಯಿಂದ ತೀರ್ಮಾನಿಸಬೇಕಾಗಿಲ್ಲ. ಮೇಲೆ ಹೇಳಿದ ಕೈ ಉಪಕರಣವನ್ನು ವಾಲ್ವಿನ ಬಳಿ ಹಿಡಿದರೆ ಅದು 125 ಕಿಲೋಹರ್ಟ್ಸ್ ಸಂಕೇತದಿಂದ ಸೆನ್ಸರನ್ನು ಎಬ್ಬಿಸುತ್ತದೆ. ಸಂಖ್ಯೆ, ಒತ್ತಡ, ಉಷ್ಣತೆ ಉತ್ತರವಾಗಿ ಬಂದರೆ ಸೆನ್ಸರ್ ಬದುಕಿದೆ. ಆ ಸಂಖ್ಯೆಯನ್ನು ಕಾರಿನ ಪಟ್ಟಿಯೊಡನೆ ಹೋಲಿಸಬೇಕು. ಉತ್ತರವೇ ಬಾರದಿದ್ದರೆ ಸೆನ್ಸರ್ ಸತ್ತಿದೆ, ಅಥವಾ ಆ ಕಾರಿಗೆ ಸೇರಿದ್ದಲ್ಲ. ಈ ಒಂದು ಪರೀಕ್ಷೆ ಮಾಡದೆ ಎರಡನೆಯ ಸೆನ್ಸರ್ ಮಾರಲು ಬಂದವರಿಗೆ ಹಣ ಕೊಡಬಾರದೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಸೇರಿದ್ದಲ್ಲ ಎಂದೆವು. ಬೆಂಗಳೂರಿನ ಜೆ.ಸಿ. ರಸ್ತೆಯಿಂದಲೋ ಆನ್‌ಲೈನಿನಲ್ಲೋ ಅಗ್ಗಕ್ಕೆ ತರಿಸಿದ ಸೆನ್ಸರ್ ನೋಡಲು ಹಳೆಯದರಂತೆಯೇ ಇರಬಹುದು. ನಮ್ಮ ದೇಶದ ಕಾರುಗಳಲ್ಲಿ ಸಾಮಾನ್ಯವಾಗಿ ಬಳಕೆಯಾಗುವುದು 433 ಮೆಗಾಹರ್ಟ್ಸ್. ಅಮೆರಿಕದ ಅನೇಕ ಕಾರುಗಳದ್ದು 315. ಒಂದರ ಮಾತು ಇನ್ನೊಂದಕ್ಕೆ ಕೇಳಿಸದು. ತರಂಗ ಒಂದೇ ಆದರೂ ಸಂದೇಶದ ಭಾಷೆ ಬೇರೆಯಿರಬಹುದು. ಯಾವ ಕಾರಿಗಾದರೂ ಆಗುತ್ತದೆ ಎಂದು ಮಾರುವ ಯೂನಿವರ್ಸಲ್ ಸೆನ್ಸರಿಗೆ, ಅಳವಡಿಸುವ ಮುನ್ನ, ಇಂಥ ಕಾರು, ಇಂಥ ವರ್ಷ ಎಂದು ಪ್ರೋಗ್ರಾಂ ಮಾಡಲೇಬೇಕು. ಅದನ್ನು ಮರೆತು ಟೈರು ಕೂರಿಸಿದರೆ ಮತ್ತೆ ಬಿಚ್ಚುವ ಕೂಲಿ ನಮ್ಮದೇ ತಲೆಗೆ.

ಪಂಕ್ಚರ್ ಅಂಗಡಿಯಲ್ಲಿ ಟೈರು ಬಿಚ್ಚುವ ಮುನ್ನ "ಒಳಗೆ ಸೆನ್ಸರ್ ಇದೆ" ಎಂದು ಬಾಯಿಬಿಟ್ಟು ಹೇಳಬೇಕು. ಟೈರಿನ ಅಂಚನ್ನು ಬಿಡಿಸುವ ಯಂತ್ರದ ತೋಳು ವಾಲ್ವಿನ ನೇರಕ್ಕೆ ಬಿದ್ದರೆ ಸೆನ್ಸರ್ ಮುರಿಯುತ್ತದೆ. ಸ್ಟೆಪ್ನಿಯ ಬದಲು ಕೊಟ್ಟ ಕಿಟ್‌ನಲ್ಲಿರುವ ದ್ರವವನ್ನು ಟೈರಿಗೆ ತುಂಬಿಸಿದ್ದರೆ ಅದನ್ನೂ ತಿಳಿಸಬೇಕು, ಏಕೆಂದರೆ ಆ ದ್ರವ ಸೆನ್ಸರಿನ ಸಣ್ಣ ರಂಧ್ರವನ್ನು ಮುಚ್ಚಿ ತಪ್ಪು ಅಂಕಿ ತೋರಿಸಬಹುದು. ಟೈರು ಬಿಚ್ಚಿದಾಗಲೆಲ್ಲ ವಾಲ್ವಿನ ರಬ್ಬರ್ ಸೀಲು ಹೊಸದಾಗಿರಲಿ. ಅಲ್ಯೂಮಿನಿಯಂ ವಾಲ್ವಿಗೆ ಸಾಧಾರಣ ಹಿತ್ತಾಳೆಯ ಒಳತಿರುಪು ಹಾಕಿದರೆ ಎರಡು ಲೋಹಗಳು ತೇವದಲ್ಲಿ ಸೇರಿ ಸವೆದು ಅಂಟಿಕೊಳ್ಳುತ್ತವೆ. ಅಲ್ಲಿ ನಿಕಲ್ ಲೇಪನದ ತಿರುಪೇ ಆಗಬೇಕು.

ಕಾರಿನಲ್ಲಿ ಈ ವ್ಯವಸ್ಥೆ ಇಲ್ಲದವರು ವಾಲ್ವಿನ ಮುಚ್ಚಳದ ಜಾಗದಲ್ಲಿ ತಿರುಗಿಸಿ ಕೂರಿಸುವ ಸೆನ್ಸರುಗಳನ್ನು ಕೊಳ್ಳುತ್ತಿದ್ದಾರೆ. ಅವು ಉಪಯುಕ್ತವೇ; ಕೂರಿಸಿದ ಮೇಲೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿದರೆ ಸಾಕು. ಆದರೆ ಅವುಗಳಲ್ಲಿ ಬಟನ್ ಬ್ಯಾಟರಿ ಇರುತ್ತದೆ, ಅದನ್ನು ಆಗಾಗ ಮನೆಯಲ್ಲೇ ಬದಲಿಸುತ್ತಾರೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇದು ಟೈರಿಗಿಂತ ದೊಡ್ಡ ಅಪಾಯ. ನುಂಗಿದ ಬಟನ್ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯೊಳಗೆ ತೀವ್ರವಾಗಿ ಸುಡಬಲ್ಲದು. ಬಳಸಿ ತೆಗೆದ ಬ್ಯಾಟರಿಯಲ್ಲಿಯೂ ಆ ಶಕ್ತಿ ಉಳಿದಿರುತ್ತದೆ. ಮಗು ನುಂಗಿತೆಂಬ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಧಾವಿಸಬೇಕು.

ನಮ್ಮ ಊರಿನ ವರ್ಕ್‌ಶಾಪುಗಳಲ್ಲಿ ಮಾತಿನ ತೊಡಕೂ ಉಂಟು. ತೆಲುಗಿನವರು 'ಗಾಲಿ' ಎಂದರೆ ಅದು ನಮ್ಮ ಗಾಳಿ; ನಾವು 'ಗಾಲಿ' ಎಂದರೆ ಚಕ್ರ; ತಮಿಳಿನವರಿಗೆ ಗಾಳಿಯು 'ಕಾತ್ತು'. ಹೀಗಾಗಿ ಬಾಯಿಮಾತಿಗಿಂತ ಬರಹ ಮೇಲು. ಹೊಸ ಸೆನ್ಸರನ್ನು ಟೈರಿನೊಳಗೆ ಸೇರಿಸುವ ಮುನ್ನ, ಅದರ ಮೈಮೇಲೆ ಅಚ್ಚಾಗಿರುವ ಸಂಖ್ಯೆಯ ಫೋಟೊ ತೆಗೆದುಕೊಳ್ಳಿ. ಅದರಲ್ಲಿ ಅಂಕಿಗಳ ಜೊತೆಗೆ ಎ ಇಂದ ಎಫ್ ವರೆಗಿನ ಅಕ್ಷರಗಳೂ ಇರಬಹುದು, ಅಕ್ಷರವನ್ನು ಅಂಕಿಯೆಂದು ಓದಿಕೊಳ್ಳಬಾರದು. ಯಾವ ಸಂಖ್ಯೆ ಯಾವ ಚಕ್ರಕ್ಕೆ, ಯಾವ ದಿನ ಹಾಕಿದ್ದು, ಎಷ್ಟು ಮೆಗಾಹರ್ಟ್ಸ್ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಆರ್‌ಸಿ ಇಡುವ ಕವರಿನಲ್ಲೇ ಇಡಿ. ಟೈರು ಕೂರಿಸಿದ ಮೇಲೆ ಆ ಸಂಖ್ಯೆಯನ್ನು ಕಣ್ಣಾರೆ ನೋಡಬೇಕೆಂದರೆ ಮತ್ತೆ ಟೈರನ್ನು ಬಿಚ್ಚಿಸಬೇಕಾಗುತ್ತದೆ.